ಬೆಲ್ಲ ಬಿಟ್ಟ ಊರಿನ ಓಟ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಗುರುಮಲ್ಲಪ್ಪನವರು. ಮಠದ ಜಗಲಿಯಲ್ಲಿ ಕೂತು ಗುರುಗಳ ಬಾಯಿಂದಲೇ ಕೇಳಿದ್ದಂತೆ.

ಶಿಷ್ಯನೊಬ್ಬ ಗುರುಗಳ ಮುಂದೆ ಕೈಮುಗಿದು ಕೇಳಿದ: "ಬುದ್ಧೀ, ನಮ್ಮವ್ವ ಹಾಸಿಗೆ ಹಿಡಿದಿದ್ದಾಳೆ. ಅವಳು ಗುಣವಾಗಲಿ ಅಂತ ಒಂದು ಹೊತ್ತಿನ ಊಟ ಬಿಟ್ಟೆ. ಕಾಲಿಗೆ ಚಪ್ಪಲಿ ಬಿಟ್ಟೆ. ಊರಿಗೆ ಹೋಗುವುದನ್ನೂ ಬಿಟ್ಟು ಇಲ್ಲೇ ಜಪಕ್ಕೆ ಕೂತಿದ್ದೇನೆ. ಇನ್ನೇನು ಬಿಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ದೇವರಲ್ಲಿ ಭಯಭಕ್ತಿ ಇದ್ದವನು. ಅದೇ ಊರಿನ ನೇಕಾರನ ಮಗಳಿಗೆ ಹಾಲುಹಲ್ಲು ಬೀಳುವ ಮೊದಲೇ ಸಕ್ಕರೆ ಕಾಯಿಲೆ ಬಂದಿತ್ತು. ಸೂಜಿ ಚುಚ್ಚಿಸಿಕೊಂಡೇ ಅನ್ನ ಉಣ್ಣಬೇಕು. ಅದನ್ನು ಕಂಡು ವ್ಯಾಪಾರಿಯ ಕರುಳು ಚುರುಕ್ ಎಂದಿತು. ಇಂಥ ಮಕ್ಕಳ ಕಾಯಿಲೆಗೆ ಮದ್ದು ಹುಡುಕುವವರಿಗೆ ನೆರವಾಗಲೆಂದು ಊರವರನ್ನೆಲ್ಲ ಸೇರಿಸಿ ಒಂದು ಓಟ ಗೊತ್ತುಮಾಡಿದ. ಕೈಲಾದದ್ದನ್ನು ಹುಂಡಿಗೆ ಹಾಕುವುದು, ಕೆರೆ ಏರಿಯಿಂದ ಹೊರಟು ಊರು ಬಳಸಿ ಪೇಟೆಬೀದಿಗೆ ಬರುವುದು. ಗೆಲುವು ಸೋಲು ಇಲ್ಲ. ಓಡಲಾರದವರು ನಡೆಯಬಹುದು.

ನೇಕಾರನ ಮಗಳು ತಾನೂ ಓಡುತ್ತೇನೆ ಎಂದಳು. ಕಾಯಿಲೆಯವಳಿಗೆ ಯಾಕೆ ಎಂದರು ಜನ. ಅವಳು ಕೇಳಲಿಲ್ಲ. ತನಗಾಗಿ ಊರೇ ಓಡುವಾಗ ತಾನು ನೆರಳಲ್ಲಿ ಕೂತು ನೋಡಲಾರೆ, ಕೊನೆ ಮುಟ್ಟಿಯೇ ತೀರುತ್ತೇನೆ ಎಂದು ಹಟ ಹಿಡಿದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ಯಾರಿಗಾದರೂ ಒಳ್ಳೆಯದು ಬೇಡುವವರು ಏನಾದರೊಂದನ್ನು ಬಿಡಬೇಕು. ವ್ಯಾಪಾರಿ ಯೋಚಿಸಿದ. ಸಕ್ಕರೆ ಕಾಯಿಲೆಯ ಮಕ್ಕಳಿಗಾಗಿ ನಡೆಯುವ ಓಟದಲ್ಲಿ ಪಾನಕ ಹಂಚುವುದೇ? ಅಂದು ಊರಲ್ಲಿ ಯಾರೂ ಸಿಹಿ ಮುಟ್ಟಬಾರದೆಂದು ಸಾರಿಸಿದ. ಮೊದಲು ತನ್ನ ಬೆಲ್ಲದ ಮಂಡಿಗೇ ಬೀಗ ಹಾಕಿದ. ಹಂಡೆಗಳಿಗೆ ಮಜ್ಜಿಗೆ ತುಂಬಿಸಿದ. ಬೆಲ್ಲ ಮಾರುವವನೇ ಬೆಲ್ಲ ಬಿಟ್ಟನಲ್ಲ ಎಂದು ಜನ ಹೊಗಳಿದರು. ಅವನ ಎದೆ ತುಂಬಿತು.

ಓಟ ಹೊರಡುವಾಗ ಹುಡುಗಿಯ ತಾಯಿಯ ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ಕಂಡಿತು.

"ಏನಮ್ಮ ಇದು? ಊರಿಗೂರೇ ನಿನ್ನ ಮಗಳಿಗಾಗಿ ಬಾಯಿ ಕಟ್ಟಿದೆ. ಹೆತ್ತವಳು ನೀನೇ ವಿಷ ಕಟ್ಟಿಕೊಂಡು ಬಂದಿದ್ದೀಯಲ್ಲ!" ಎಂದ ವ್ಯಾಪಾರಿ.

"ಅಲ್ಲ ಯಜಮಾನ್ರೇ, ಅದು ಬೇಕಾಗ್ತದೆ..."

ಸುತ್ತಲಿನವರು ನಕ್ಕುಬಿಟ್ಟರು. ಅವಳು ಗಂಟು ಬಿಚ್ಚಿಕೊಟ್ಟಳು. ವ್ಯಾಪಾರಿ ಅದನ್ನು ಕೆರೆಗೆ ಎಸೆದ.

ಹುಡುಗಿ ಚೆನ್ನಾಗಿಯೇ ಓಡಿದಳು. ಪೇಟೆಬೀದಿಗೆ ತಿರುಗಿದಾಗ ಕೊನೆಯ ತೋರಣ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ಅವಳ ಕೈ ನಡುಗಿತು. ಮೈಯೆಲ್ಲ ಬೆವರಿತು. ಕುಸಿದು ಕೂತಳು. ವ್ಯಾಪಾರಿ ಮಜ್ಜಿಗೆ ಹಿಡಿದು ಬಂದ. ಮಗಳ ಬೆನ್ನಿಗೇ ಬರುತ್ತಿದ್ದ ತಾಯಿ ಅದನ್ನು ಆಚೆ ತಳ್ಳಿದಳು.

"ಮಜ್ಜಿಗೆ ಯಾರಿಗೆ ಬೇಕು? ಬೆಲ್ಲ ತನ್ನಿ! ಸೂಜಿಮದ್ದು ತಗೊಂಡ ಮಗು ಓಡಿದರೆ ಮೈಯಲ್ಲಿರೋ ಸಕ್ಕರೆ ಇಳಿದುಹೋಗ್ತದೆ. ಈಗ ಸಿಹಿಯೇ ಅವಳ ಜೀವ!"

ಸುತ್ತ ಊರೇ ನೆರೆದಿತ್ತು. ಒಬ್ಬರ ಬಳಿಯೂ ಒಂದು ಚಿಟಿಕೆ ಸಕ್ಕರೆ ಇರಲಿಲ್ಲ, ಬೀದಿಯ ಅಂಗಡಿಗಳೂ ಮುಚ್ಚಿದ್ದವು. ಅಷ್ಟು ಶ್ರದ್ಧೆಯಿಂದ ನೇಮ ಪಾಲಿಸಿದ್ದರು.

ವ್ಯಾಪಾರಿ ಓಡಿದ. ಬಾವುಟ ಬೀಸಲು ಮಾತ್ರ ಬಂದಿದ್ದ ದೊಡ್ಡ ಹೊಟ್ಟೆಯ ಮನುಷ್ಯ ಪಂಚೆ ಎತ್ತಿಕಟ್ಟಿ, ಪೇಟ ಬಿದ್ದದ್ದನ್ನೂ ನೋಡದೆ ಮಂಡಿಯ ಕಡೆ ಓಡಿದ. ಬೀಗದ ಕೈ ಮನೆಯಲ್ಲಿತ್ತು. ಕಲ್ಲೆತ್ತಿ ಬೀಗ ಒಡೆದ. ಬೆಲ್ಲದ ಅಚ್ಚುಗಳನ್ನು ಎದೆಗೆ ಅವಚಿಕೊಂಡು ಅದೇ ಓಟದಲ್ಲಿ ಹಿಂದಕ್ಕೆ ಬಂದ.

ತಾಯಿ ಬೆಲ್ಲ ಪುಡಿಮಾಡಿ ತಿನ್ನಿಸಿದಳು. ಊರು ಉಸಿರು ಬಿಗಿಹಿಡಿದು ಕಾಯಿತು. ಹುಡುಗಿಯ ಮುಖಕ್ಕೆ ಕಳೆ ಬಂತು. ತಾಯಿ ಅವಳ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಎಷ್ಟೆಂದು ಪರೀಕ್ಷಿಸಿ, ಇನ್ನು ಭಯವಿಲ್ಲ ಎಂದಳು.

"ನನ್ನಿಂದ ತಪ್ಪಾಯ್ತು ಕಣವ್ವ" ಎಂದ ವ್ಯಾಪಾರಿ, ಏದುಸಿರು ಬಿಡುತ್ತ.

ಹುಡುಗಿ ಎದ್ದು ನಿಂತಳು. "ಅದಿರಲಿ ಯಜಮಾನ್ರೇ, ನೀವು ಇಷ್ಟು ಜೋರಾಗಿ ಓಡ್ತೀರಂತ ಗೊತ್ತೇ ಇರಲಿಲ್ಲ. ಇನ್ನು ಇಷ್ಟೇ ದೂರ. ಬರ್ತೀರಾ?"

ಮುಂದೆ ಅವಳು, ಹಿಂದೆ ಬೆಲ್ಲ ಹೊತ್ತ ವ್ಯಾಪಾರಿ, ಅವನ ಹಿಂದೆ ಇಡೀ ಊರು. ಅವಳು ತೋರಣ ದಾಟಿದಾಗ ತಮಟೆ ಮೊಳಗಿತು. ಜನ ಅವಳನ್ನು ಹೆಗಲ ಮೇಲೆ ಎತ್ತಿಕೊಂಡರು. ಹಂಡೆ ಹಂಡೆ ಪಾನಕ ಕಲಸಿ ಕುಡಿದರು. ಇಂದಿಗೂ ಆ ಓಟಕ್ಕೆ ಬರುವವರು, ಅವಳಂಥ ಮಕ್ಕಳಿಗೆ ಬೇಕಾದೀತೆಂದು, ಸೊಂಟಕ್ಕೆ ಒಂದು ಚೂರು ಬೆಲ್ಲ ಸಿಕ್ಕಿಸಿಕೊಂಡೇ ಓಡುತ್ತಾರೆ.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು.

"ನಿಮ್ಮವ್ವನಿಗೆ ಏನು ಬೇಕು ಅಂತ ಅವಳನ್ನ ಕೇಳಿದೆಯೇನಪ್ಪ?"

ಶಿಷ್ಯ ಎದ್ದು ಊರಿನ ದಾರಿ ಹಿಡಿದ.

ಓದಿದವರೇ, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುತ್ತಿರುವ ಒಬ್ಬರಿಗಾದರೂ ಹೇಳಿ.