ಹನ್ನೆರಡನೆಯ ವಾಹನ

ಹೊಳೆ ಬೀದಿಯ ಕೊನೆಯಲ್ಲಿ ಮರುಳಯ್ಯನವರ ಆಶ್ರಮವಿತ್ತು. ಆಶ್ರಮ ಎಂದರೆ ಒಂದು ಹೆಂಚಿನ ಮನೆ, ಆರು ಕಂಬದ ಜಗಲಿ, ಹಿತ್ತಲಿಗೆ ಹೊಳೆ. ನೀರು ಹರಿಯುವ ತಿಂಗಳುಗಳಲ್ಲಿ ಜನ ಆ ಹೊಳೆಯನ್ನು ಪವಿತ್ರ ಎನ್ನುತ್ತಿದ್ದರು.

ಷಡಕ್ಷರಿ ಅಲ್ಲಿಯ ಹಿರಿಯ ಶಿಷ್ಯ. ಮೊದಲು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳುತ್ತಿದ್ದ. ಈಗ ಬೆಳಿಗ್ಗೆ ಆಶ್ರಮದ ಜೀಪು ಓಡಿಸಿಕೊಂಡು ಪೇಟೆಗೆ ಹೋಗಿ ಪೂಜೆಗೆ ಹೂವು ತರುತ್ತಿದ್ದ. ಉಳಿದ ಹೊತ್ತು ಅಹಂಕಾರ ಕರಗಿಸುವ ಬಗೆಯನ್ನು ಓದುತ್ತಿದ್ದ.

ಗುರುವಾರಗಳಲ್ಲಿ ಗುರುಗಳೂ ಜೀಪು ಹತ್ತುತ್ತಿದ್ದರು. ಹತ್ತಿದವರೇ ಕಣ್ಣು ಮುಚ್ಚಿ ಕೈಮುಗಿದು ಕೂರುತ್ತಿದ್ದರು. ಓಡುವ ಗಾಡಿಯಲ್ಲೂ ನಮ್ಮ ಅಯ್ಯನವರಿಗೆ ಧ್ಯಾನ ಹತ್ತುತ್ತದೆ ಎಂದು ಷಡಕ್ಷರಿ ಬಂದವರಿಗೆಲ್ಲ ಹೇಳಿದ್ದ.

ಒಂದು ದಿನ ಗುರುಗಳು ಅವನನ್ನು ಕರೆದರು.

"ಸೋಮವಾರದಿಂದ ಭಕ್ತರಿಗೆ ಬೆಳಗಿನ ಮಾತು ನೀನೇ ಆಡು. ನನಗೆ ಕೆಮ್ಮು."

ಈ ಮಾತಿಗಾಗಿ ಷಡಕ್ಷರಿ ಒಂಬತ್ತು ವರ್ಷ ಕಾದಿದ್ದ. ಖುಷಿ ಕಾಣದಿರಲೆಂದು ತಲೆ ತಗ್ಗಿಸಿದ. ಅದನ್ನು ನೋಡಿದವರು ವಿನಯ ಎನ್ನುತ್ತಿದ್ದರೇನೋ.

"ಆದರೆ ಎರಡನೇ ಕಂಬದ ಜಾಗ ತಿಂಗಳಿಂದ ಖಾಲಿ ಇದೆ," ಎಂದರು ಗುರುಗಳು. "ಗೌರಜ್ಜಿ ಬಂದು ಅಲ್ಲಿ ಕೂರಲಿ. ಆಮೇಲೆ ನೀನು ಬಾಯಿ ತೆಗೆ."

"ಅವರು ಯಾಕೆ ಬರ್ತಿಲ್ಲ ಅಂತ ನನಗೆ ಗೊತ್ತು ಅಯ್ಯ. ಈ ಬೀದೀಲಿ ವಯಸ್ಸಾದವರು ಕಾಲಿಡೋ ಹಾಗಿದೆಯಾ? ಅದಕ್ಕೇ ಇದು."

ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದ. ನಗರಸಭೆಗೆ ಅರ್ಜಿ. ಹದಿನೈದು ದಿನ ಸಂಜೆ ಗೇಟಿನ ಹತ್ತಿರ ನಿಂತು ಬರೆದುಕೊಂಡದ್ದು. ಹನ್ನೊಂದು ವಾಹನಗಳ ನಂಬರು, ಪಕ್ಕದಲ್ಲಿ ಅವುಗಳ ಅಪರಾಧ.

"ಓದು."

"ಒಂದು, ನೀರಿನ ಟ್ಯಾಂಕರ್. ಖಾಲಿ ಇದ್ದರೆ ಹಾರಿಕೊಂಡೇ ಬರುತ್ತೆ. ಎರಡು, ಸ್ಕೂಲ್ ವ್ಯಾನು. ಡ್ರೈವರಿಗೆ ಕಿವಿಗೂ ಹೆಗಲಿಗೂ ಮಧ್ಯೆ ಸದಾ ಫೋನು. ಮೂರು, ಒಬ್ಬ ಡಾಕ್ಟರ ಬಿಳಿ ಕಾರು. ಮಲಗಿದ್ದ ನಾಯಿಗೂ ದಾರಿ ಬಿಡಲ್ಲ..."

ಹನ್ನೊಂದನ್ನೂ ಓದಿದ. ಓದುತ್ತ ಓದುತ್ತ ದನಿ ಏರಿತು.

"ಹಾರನ್ ಹೊಡೆದರೆ ಸಾಕು, ಎದುರಿಗಿರೋರೆಲ್ಲ ಗೋಡೆಗೆ ಅಂಟಿಕೊಳ್ಳಬೇಕು. ಬೀದಿ ಏನು ಇವರಪ್ಪಂದಾ ಅಯ್ಯ?"

ಗುರುಗಳು ಕೆಮ್ಮಿದರು.

"ಅಜ್ಜಿಯ ರುಜು ಹಾಕಿಸಿಕೊಂಡು ಬಾ. ನಡೆದು ಹೋಗು."

"ಎಂಟು ಮನೆ ಆಚೆಗೆ ಯಾರು ಅಯ್ಯ ಗಾಡಿ ತೆಗೀತಾರೆ?"

"ಅದೂ ಸರಿ."

ಗೌರಜ್ಜಿಯ ಮನೆ ಬಾಗಿಲು ನೇರ ಬೀದಿಗೇ ತೆರೆಯುತ್ತಿತ್ತು. ಹೊಸಿಲ ಮುಂದೆ ಒಂದು ಹಲಗೆ, ಹಲಗೆಯ ಮೇಲೆ ರಂಗೋಲಿ. ಷಡಕ್ಷರಿ ಅದನ್ನು ಮೊದಲೇ ಗಮನಿಸಿದ್ದ. ಜನರ ಶ್ರದ್ಧೆ ಹೇಗೆ ಕುಗ್ಗುತ್ತಿದೆ ಎನ್ನುವುದಕ್ಕೆ ಸೋಮವಾರದ ಮಾತಿನಲ್ಲಿ ಉದಾಹರಣೆ ಕೊಡಬೇಕು ಎಂದುಕೊಂಡಿದ್ದ.

"ಏನಜ್ಜಿ, ನೆಲ ಬಿಟ್ಟು ಹಲಗೆ ಮೇಲೆ ಬಂತಾ ರಂಗೋಲಿ?"

"ಯಾರು, ಷಡಕ್ಷರಿಯಾ? ಬಾ ಮಗ. ಕಣ್ಣಿಗೆ ಪೊರೆ ಬಂದೈತೆ, ದನಿ ಮೇಲೆ ಗುರುತು ಹಿಡೀಬೇಕು." ಅಜ್ಜಿ ಗೋಡೆ ಸವರಿಕೊಂಡು ಬಂದು ಹೊಸಿಲ ಮೇಲೆ ಕೂತಳು. "ಬೀದಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಬಿಡಬೇಕು ರಂಗೋಲಿನ. ಬೆನ್ನಿಗೇನು ಕಣ್ಣೈತಾ? ಹೋದ ತಿಂಗಳು ಹಂಗೇ ಕೂತಿದ್ದೆ, ಬಂತು. ದಬಕ್ಕಂತ ಒಳಗೆ ಬಿದ್ದೆ. ನೋಡು."

ಮೊಣಕೈ ಮೇಲೆ ಕಪ್ಪಗೆ ಒಣಗಿದ ಗಾಯ.

"ಅವತ್ತಿಂದ ಒಳಗೇ ಕೂತು ಹಲಗೆ ಮೇಲೆ ಬಿಡ್ತೀನಿ. ಅದು ಹೋದ ಮೇಲೆ ತಂದು ಹೊರಗಿಡ್ತೀನಿ."

ಷಡಕ್ಷರಿ ಪೆನ್ನು ತೆಗೆದ. "ಅದು ಅಂದ್ರೆ? ಟ್ಯಾಂಕರಾ?"

"ಟ್ಯಾಂಕರು ಪಾಪ, ಎರಡು ಬೀದಿ ಆಚೆಯಿಂದಲೇ ಗಡಗಡ ಅಂತೈತೆ. ಏಳೋಕೆ ಪುರುಸೊತ್ತು ಸಿಗ್ತೈತೆ."

"ಸ್ಕೂಲ್ ವ್ಯಾನಾ?"

"ಅವನು ನಿಲ್ಲಿಸ್ತಾನೆ. ಫೋನಲ್ಲಿ ಹೆಂಡ್ತಿ ಹತ್ರ ಜಗಳ ಆಡ್ತಾನೇ 'ದಾಟಜ್ಜಿ' ಅಂತಾನೆ. ಇವರೆಲ್ಲ ಆಮೇಲೆ. ಒಂದು ಜೀಪೈತೆ, ಅದನ್ನ ಬರಿ ಮೊದಲು."

ಪೆನ್ನು ನಿಂತಿತು.

"ಆರೂವರೆ ಆಗೋಕೆ ಮುಂಚೆ ಬರ್ತೈತೆ, ದಿನಾ. ತಿರುವಲ್ಲೇ ಹಾರನ್ನು. ಪೀಂ ಪೀಂ ಅಂತ ಎರಡು, ಆಮೇಲೆ ಉದ್ದಕ್ಕೆ ಒಂದು. ಯಮನಿಗೂ ಇಷ್ಟು ಅವಸರ ಇರಲ್ಲ. ಯಾವ ಮನೆಹಾಳನೋ."

ತಿರುವಿನಲ್ಲೇ ಹಾರನ್ ಹೊಡೆಯುವುದನ್ನು ಷಡಕ್ಷರಿ ಸೌಜನ್ಯ ಎಂದುಕೊಂಡಿದ್ದ. ಆರೂವರೆಗೆ ಪೂಜೆ. ದೇವರನ್ನು ಕಾಯಿಸಬಾರದು.

"ಇನ್ನೊಂದು ವಿಚಿತ್ರ ಕೇಳು ಮಗ. ಅದು ಹೋದ ಮೇಲೆ ಬೀದಿ ತುಂಬ ಹೂವಿನ ವಾಸನೆ. ಹೆಣ ಸಾಗಿಸೋ ಗಾಡಿ ಇರಬೇಕು ಅಂದ್ಕೊಂಡಿದೀನಿ. ಆದರೂ ದಿನಕ್ಕೊಂದು ಹೆಣ ಎಲ್ಲಿಂದ ತರ್ತಾನೆ?"

ಷಡಕ್ಷರಿ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದ.

"ಬರೆದೆಯಾ?"

"ಬರೀತಾ ಇದೀನಿ ಅಜ್ಜಿ."

ಬರೆದ. ಹನ್ನೆರಡು, ಒಂದು ಜೀಪು. ಬೆಳಿಗ್ಗೆ ಆರೂವರೆಗೆ ಮುಂಚೆ. ಅತಿವೇಗ. ಒಬ್ಬ ವೃದ್ಧೆಗೆ ಗಾಯ.

"ಓದು."

ಓದಿದ.

"ಮನೆಹಾಳ ಅಂತ ಬರೀಲಿಲ್ವಾ?"

"ಅರ್ಜಿಯಲ್ಲಿ ಹಂಗೆಲ್ಲ ಬರೆಯೋ ಹಾಗಿಲ್ಲ."

"ನಿನಗೆ ಬೈಯೋಕೇ ಬರಲ್ಲ ಬಿಡು. ಒಳ್ಳೇ ಮಗ."

ಅವಳು ಬೆರಳಲ್ಲಿ ಜಾಗ ತಡವಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಆಮೇಲೆ ಒಳಗಿನಿಂದ ಒಂದು ಡಬ್ಬಿ ತಂದು ಕೊಟ್ಟಳು. ಡಬ್ಬಿ ತುಂಬ ಹೂಬತ್ತಿ.

"ನಾನು ಬರದಿದ್ರೂ ಬತ್ತಿ ಹೊಸೆಯೋದು ಬಿಟ್ಟಿಲ್ಲ. ತಿಂಗಳಿಂದು ಅಷ್ಟೂ ಐತೆ. ಆಶ್ರಮದ ಬುದ್ಧಿಯೋರಿಗೆ ಕೊಡು."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಡಬ್ಬಿ ಹಿಡಿದು ನಡೆದ. ದಾರಿಯಲ್ಲಿ ಮೂರು ಮನೆಗಳವರು ಹೊಸಿಲ ಮುಂದೆ ದಪ್ಪ ಕಲ್ಲುಗಳನ್ನು ತಂದಿಟ್ಟಿದ್ದರು. ಜೀಪಿನಿಂದ ಅವು ಕಂಡಿರಲಿಲ್ಲ. ಅಲ್ಲ, ಕಂಡಿದ್ದವು. ಬೀದಿಗೆ ಅಡ್ಡ ಎಂದು ಬೈದುಕೊಂಡಿದ್ದ.

ಗುರುಗಳು ಅರ್ಜಿಯನ್ನು ನಿಧಾನವಾಗಿ ಓದಿದರು.

"ಹನ್ನೊಂದಕ್ಕೂ ನಂಬರಿದೆ. ಹನ್ನೆರಡಕ್ಕೆ ಇಲ್ಲ."

"ಅಜ್ಜಿಗೆ ಕಣ್ಣು ಕಾಣಲ್ಲ ಅಯ್ಯ."

"ನಿನಗೆ?"

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಷಡಕ್ಷರಿ ಅದನ್ನು ಕೇಳುತ್ತ ನಿಂತ. ಎಷ್ಟು ಹೊತ್ತು ನಿಂತರೂ ಗುರುಗಳು ಹಾಳೆ ಚಾಚಿದ ಕೈ ಹಿಂತೆಗೆಯಲಿಲ್ಲ.

ಕೊನೆಗೆ ಅದನ್ನು ತೆಗೆದುಕೊಂಡು ನಂಬರು ಬರೆದ. ಮುಂದೆ ಚಾಲಕನ ಹೆಸರೂ ಬರೆದ.

"ಅವಳಿಗೆ ಹೇಳಿದೆಯಾ?"

"ಇಲ್ಲ."

"ಯಾಕೆ?"

"ಮಗ ಅಂದರು ಅಯ್ಯ."

"ಅದಕ್ಕೇ ಮೊದಲು ಹೇಳಬೇಕಿತ್ತು."

ಅವನು ಮತ್ತೆ ಎಂಟು ಮನೆ ನಡೆದ. ಹೊಸಿಲ ಹೊರಗೇ ನಿಂತು ಹೇಳಿದ. ಎರಡೇ ವಾಕ್ಯ. ಕಾಲೇಜಿನಲ್ಲಿ ಅವನು ಯಾವುದನ್ನೂ ಎರಡು ವಾಕ್ಯದಲ್ಲಿ ಮುಗಿಸಿದವನಲ್ಲ.

ಗೌರಜ್ಜಿ ಮೊಣಕೈ ಸವರಿಕೊಂಡಳು.

"ಹಂಗಾದ್ರೆ ಹೆಣದ ಗಾಡಿ ಅಲ್ಲ ಅನ್ನಿ," ಎಂದಳು.

ಅಷ್ಟೇ. ಬೈಯಲಿಲ್ಲ. 'ಅನ್ನು' ಎನ್ನಬೇಕಾದಲ್ಲಿ 'ಅನ್ನಿ' ಎಂದಳು. ಹಲಗೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಷಡಕ್ಷರಿ ಐದು ಗಂಟೆಗೆ ಬುಟ್ಟಿ ಹಿಡಿದು ಪೇಟೆಗೆ ನಡೆದ. ಪೂಜೆ ಇಪ್ಪತ್ತು ನಿಮಿಷ ತಡವಾಯಿತು. ದೇವರು ಏನೂ ಅನ್ನಲಿಲ್ಲ. ಅದರ ಮರುದಿನವೂ ನಡೆದ. ಅರ್ಜಿಯನ್ನು ನಗರಸಭೆಗೆ ಹಾಕಿದ. ಅಲ್ಲಿಯ ಗುಮಾಸ್ತ ಕೊನೆಯ ಸಾಲು ಓದಿ, "ಸ್ವಾಮಿ, ಇದು ನಿಮ್ಮದೇ ಅಲ್ವಾ?" ಎಂದು ಎರಡು ಸಲ ಕೇಳಿದ. ಪಕ್ಕದ ಟೇಬಲಿನವರಿಗೂ ತೋರಿಸಿದ.

ಸೋಮವಾರ ಬೆಳಿಗ್ಗೆ ಬುಟ್ಟಿ ಹೊತ್ತು ಬರುವಾಗ ಗೌರಜ್ಜಿ ಬೀದಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಳು. ಬೆರಳ ಸಂದಿಯಿಂದ ಬಿಳಿ ಪುಡಿ ಇಳಿಯುತ್ತಿತ್ತು. ಅವನು ಬೀದಿಯ ಆಚೆ ಅಂಚಿಗೆ ಸರಿದು, ಹೆಜ್ಜೆ ಸದ್ದಾಗದಂತೆ ದಾಟಿದ.

"ಹೂವಿನ ವಾಸನೆ," ಎಂದಳು ಅಜ್ಜಿ, ತಿರುಗದೆ.

ಏಳಕ್ಕೆ ಅವಳು ಬಂದು ಎರಡನೇ ಕಂಬಕ್ಕೆ ಒರಗಿದಳು. ಗುರುಗಳು ಪೀಠದ ಕಡೆ ಕೈ ತೋರಿಸಿದರು. ಷಡಕ್ಷರಿ ಹೋಗಲಿಲ್ಲ, ಅವರ ಪಕ್ಕ ನೆಲದ ಮೇಲೆ ಕುಕ್ಕರಿಸಿದ.

"ಒಂದು ಕೇಳ್ತೀನಿ ಅಯ್ಯ. ಗುರುವಾರ ಗುರುವಾರ ನನ್ನ ಪಕ್ಕದಲ್ಲೇ ಕೂತಿರ್ತಿದ್ರಿ. ಒಂದು ಸಲವಾದರೂ ನಿಧಾನ ಅನ್ನಬಹುದಿತ್ತು. ಧ್ಯಾನದಲ್ಲಿ ನಿಮಗೆ ಏನೂ ಗೊತ್ತಾಗ್ತಿರಲಿಲ್ವಾ?"

ಮರುಳಯ್ಯನವರು ಎರಡನೇ ಕಂಬದ ಕಡೆ ನೋಡಿದರು. ಆಮೇಲೆ ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಹೆದರಿ ಕಣ್ಣು ಮುಚ್ಚುತ್ತಿದ್ದೆ ಕಣಪ್ಪ. ನೀನು ಅದನ್ನ ಧ್ಯಾನ ಅಂತ ಊರಿಗೆಲ್ಲ ಹೇಳಿದೆ, ನಾನೂ ಸುಮ್ಮನಿದ್ದುಬಿಟ್ಟೆ."