ಮಸಿ ಪತಂಗವೂ ಲೊಚಗುಟ್ಟೋ ಹಲ್ಲಿಯೂ

ಒಂದಾನೊಂದು ಕಾಲದಲ್ಲಿ, ಗೋಡೆಗೆಲ್ಲ ಸುಣ್ಣ ಹೊಡೀತಿದ್ದ ಕಾಲ ಅಂತಿಟ್ಟುಕೋ ಪುಟ್ಟಿ, ಒಂದು ಮನೇಲಿ ಪತಂಗಗಳ ದೊಡ್ಡ ಸಂಸಾರ ಇತ್ತಂತೆ. ದೀಪದ ಹತ್ರ ಬರುತ್ತಲ್ಲ, ಅದೇ ಹುಳ. ಎಲ್ಲವೂ ಸುಣ್ಣದಷ್ಟೇ ಬಿಳಿ. ಅಲ್ಲಾಡದೆ ಗೋಡೆ ಮೇಲೆ ಕೂತರೆ ಹಲ್ಲಿಗೆ ಕಾಣ್ತಿರಲಿಲ್ಲವಂತೆ, ಅಲ್ಲಾಡಿದವರು ಗುಳುಂ.

ಆ ಮನೆಯ ತಾಯಿ ಪತಂಗಕ್ಕೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಬಿಳಿ, ನಡುವಿನವಳು ಬಿಳಿ, ಮೂರನೆಯವಳು ದೋಸೆ ಹಂಚಿನ ತಳದ ಹಾಗೆ ಕಪ್ಪು. ಮಸಿ ಅಂತಲೇ ಹೆಸರಿಟ್ಟರಂತೆ.

ಆಮೇಲೆ ಹಿರಿಯರೆಲ್ಲ ಸೇರಿ, ಇವಳ ದೆಸೆಯಿಂದ ಹಲ್ಲಿ ಕಣ್ಣು ನಮ್ಮ ಮೇಲೂ ಬೀಳುತ್ತೆ, ಮೈಗೆ ಸುಣ್ಣ ಬಳಿಸಿ ಅಂದರಂತೆ. ಎಲ್ಲಿಂದಲೋ ಹಲ್ಲಿ ಲೊಚ್ ಲೊಚ್ ಅಂತಂತೆ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಅಂತ ನಾವು ನೆಲ ಕುಟ್ಟಿ ಕೃಷ್ಣ ಕೃಷ್ಣ ಅಂತೀವಲ್ಲ, ಅವರೂ ಹಾಗೇ ರೆಕ್ಕೆ ಬಡಿದು ಒಪ್ಪಿದರಂತೆ. ಮಸಿ ಸುಣ್ಣದಲ್ಲಿ ಒಂದು ಕಾಲು ಅದ್ದಿದಳು, ಚುರ್ ಅಂತು, ಆಗಲ್ಲ ಅಂದಳಂತೆ. ಆಮೇಲೆ, ಹಾಗಾದರೆ ದೇವರ ಪಟದ ಹಿಂದೆ ಅವಿತುಕೋ ಅಂದರಂತೆ. ಲೊಚ್ ಲೊಚ್. ನೀವೆಲ್ಲ ಬಂದರೆ ನಾನೂ ಬರ್ತೀನಿ ಅಂದಳಂತೆ. ಆಮೇಲೆ, ಮನೆ ಬಿಟ್ಟೇ ಹೋಗು ಅಂದುಬಿಟ್ಟರಂತೆ. ಮತ್ತೆ ಲೊಚ್ ಲೊಚ್. ಹೆತ್ತವಳು ಅಳ್ತಾ, ಹಿರಿಯರ ಮಾತು ಕೇಳೇ ಅಂತ ಬೇಡಿಕೊಂಡಳಂತೆ.

“ಅವ್ವಾ, ನಿಜ ಯಾವುದು ಅಂತ ಹೇಳೋನೂ ಆ ಹಲ್ಲಿ ಮಾವನೇ, ನಮ್ಮನ್ನ ತಿನ್ನೋನೂ ಅವನೇ. ನಿಮಗೆ ಒಂದಿನಾನೂ ಅನುಮಾನ ಬರಲಿಲ್ವಾ?”

ಈ ಮಾತಿಗೆ ಮಾತ್ರ ಹಲ್ಲಿ ಲೊಚಗುಟ್ಟಲಿಲ್ಲವಂತೆ.

ಹಲ್ಲಿ ಮೈಯೂ ಗೋಡೆಯ ಬಣ್ಣವೇ ನೋಡು, ಅದಕ್ಕೇ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಮಸಿ ಲೊಚ್ ಅಂತಿದ್ದ ಕಡೆ ಹುಡುಕಿಕೊಂಡು ಹೋಗಿ, ಅದರ ಮೂಗಿನ ಮುಂದೇ ಹಾರಿ, ಹಲ್ಲಿ ಮಾವ, ನಾನು ಚೆನ್ನಾಗಿ ಕಾಣ್ತೀನಲ್ಲ, ಹಿಡಿ ನೋಡೋಣ ಅಂತ ಅಡುಗೆಮನೆಗೆ ಹೊರಟಳಂತೆ. ಹಲ್ಲಿ ಹಿಂದೇ ಓಡಿತಂತೆ. ಅಲ್ಲಿ ಮೊಳೆಗೆ ನೇತುಹಾಕಿದ್ದ ದೋಸೆ ಹಂಚಿನ ತಳಕ್ಕೆ ಅಂಟಿ ಕೂತಳಂತೆ, ಕಪ್ಪಿನಲ್ಲಿ ಕಪ್ಪು. ಹಲ್ಲಿ ಅಂದಾಜಿನ ಮೇಲೆ ನೆಗೀತು, ಮಸಿ ಪಕ್ಕಕ್ಕೆ ಸರಿದಳು, ಹಲ್ಲಿ ಜರ್ ಅಂತ ಹಂಚಿನುದ್ದಕ್ಕೂ ಜಾರಿ ಬಿತ್ತಂತೆ, ಮೂತಿಯಿಂದ ಬಾಲದ ತುದಿವರೆಗೂ ಜಿಡ್ಡು ಮಸಿ ಮೆತ್ತಿಕೊಂಡು.

ಆಮೇಲೆ ಅದು ಬಿಳಿ ಗೋಡೆ ಹತ್ತಿದರೆ ಅಷ್ಟು ದೂರದಿಂದಲೇ ಎಲ್ಲರಿಗೂ ಕಂಡಿತಂತೆ, ಎಲ್ಲರೂ ಹಾರಿದರಂತೆ. ಹಸಿದೂ ಹಸಿದೂ ಹಲ್ಲಿ ಹಿತ್ತಲಿಗೆ ಹೊರಟುಹೋಯಿತಂತೆ.

ಮಸಿ ಬಂದು ಗೋಡೆಯ ನಟ್ಟನಡುವೆ, ಅವ್ವನ ಪಕ್ಕ ಕೂತಳಂತೆ. ಹಿರಿಯರು ಕೆಮ್ಮಿ, ಸರಿದು ಜಾಗ ಬಿಟ್ಟರಂತೆ. ಮನೆ ಸೊಸೆ ಯಾವುದೋ ಕಲೆ ಅಂತ ಒರೆಸೋಕೆ ಬಂದರೆ ಮಸಿ ಹಾರಿ ಮತ್ತೆ ಅಲ್ಲೇ ಕೂತಳಂತೆ, ಸೊಸೆ ನಕ್ಕು ಬಟ್ಟೆ ಕೆಳಗಿಟ್ಟಳಂತೆ.

ಕೇಳಿಸ್ತಾ, ನಮ್ಮ ಗೋಡೆ ಮೇಲೂ ಒಂದು ಲೊಚಗುಟ್ಟಿತು. ಕೃಷ್ಣ ಕೃಷ್ಣ ಅನ್ನೋದು ಆಮೇಲೆ, ಅದು ಎಲ್ಲಿದೆ ಅಂತ ಮೊದಲು ನೋಡು. ಕತೆ ಮುಗೀತು, ಮಲಕ್ಕೋ. ಬೇಕಾದರೆ ಒಂದು ಕಣ್ಣು ತೆರೆದಿಟ್ಟುಕೋ.