ಹಗ್ಗದ ದ್ಯಾವಪ್ಪ

ಬಹಳ ಹಿಂದಿನ ಮಾತು. ಹಳ್ಳದ ದಂಡೆಗೆ ಒಂದು ಊರಿತ್ತು. ಆ ಊರಲ್ಲಿ ದ್ಯಾವಪ್ಪ ಅಂತ ಒಬ್ಬನಿದ್ದ. ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಅವನ ಹಗ್ಗಕ್ಕೆ ಆನೆ ಕಟ್ಟಿದರೂ ಹರಿಯುತ್ತಿರಲಿಲ್ಲವಂತೆ.

ಅವನ ಹೆಂಡತಿ ಗಾಳೆವ್ವ. ಕೂಸು ಮಣ್ಣಾದ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಒಂದು ದಿನ ಮುಂಜಾನೆ ಬಂದು, ಒಂದು ಹಗ್ಗ ಕೊಡು ಅಂದಳಂತೆ. ದ್ಯಾವಪ್ಪನಿಗೆ ಕೈತುಂಬ ಕೆಲಸ. ಏತಕ್ಕೆ ಅಂತ ಕೇಳಲಿಲ್ಲ. ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದದ್ದನ್ನು ಎತ್ತಿ ಒಗೆದ. ಅವಳ ಪಾದ ಅಷ್ಟೇ ಕಂಡವು. ತುಸು ಹೊತ್ತು ನಿಂತಿದ್ದವು. ಆಮೇಲೆ ಹೋದವು.

ಸಂಜೆಗೆ ಜನ ಅವಳನ್ನು ಹೊತ್ತುಕೊಂಡು ಬಂದರು. ಹಗ್ಗವನ್ನೂ ತಂದು ಅವನ ಮುಂದೆ ಇಟ್ಟರು.

ಒಂದು ವರ್ಷ ಅವನು ನಾರು ಮುಟ್ಟಲಿಲ್ಲ. ಆಮೇಲೆ ಅವಳ ಹಗ್ಗವನ್ನು ನಡುವಿಗೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತ. ಆದರೆ ಮಾಡಿಟ್ಟ ಹಗ್ಗ ಕೊಡಲೊಲ್ಲ. ಬೇಕಾದವರು ತಾವೇ ಒಂದು ತುದಿ ಹಿಡಿದು ನಿಲ್ಲಬೇಕು. ಏನು ಕಟ್ಟುತ್ತೀ ಅಂತ ಕೇಳುತ್ತಿದ್ದ. ಕೈಬಿಟ್ಟರೆ ಹುರಿಯೆಲ್ಲ ಬಿಚ್ಚಿಹೋಗುತ್ತದೆ, ಬಿಡುವ ಹಾಗಿಲ್ಲ. ನಿಂತವರು ಸುಮ್ಮನೆ ಎಷ್ಟು ಹೊತ್ತು ನಿಂತಾರು? ಮೊದಲು ಆಕಳ ಮಾತು ಬರುತ್ತಿತ್ತು, ಆಮೇಲೆ ಅತ್ತೆಯ ಮಾತು, ಕೊನೆಗೆ ಒಳಗಿನದು. ಅವನು ಬುದ್ಧಿ ಹೇಳುತ್ತಿರಲಿಲ್ಲ. ಹೂಂ ಅನ್ನುತ್ತಿದ್ದ, ನಾರು ಸೇರಿಸುತ್ತಿದ್ದ. ದನವಿಲ್ಲದವರೂ ಹಗ್ಗಕ್ಕೆ ಬರತೊಡಗಿದರಂತೆ.

ಒಮ್ಮೆ ಹೊನ್ನೂರಪ್ಪ ಅನ್ನುವ ಹರೆಯದವನು ಬಂದ. ಎತ್ತಿಗೆ ಹಗ್ಗ ಬೇಕು ಅಂದ. ಅವನಿಗೆ ಎತ್ತಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ದ್ಯಾವಪ್ಪ ಅವನ ಮುಖ ನೋಡಿದ. ತುದಿ ಕೈಗೆ ಕೊಟ್ಟ. ಹೊಸೆಯುತ್ತಾ ಹಿಂದಕ್ಕೆ ನಡೆದ.

ಆಳುದ್ದ ಆಯಿತು, ಹತ್ತಾಳುದ್ದ ಆಯಿತು. ಹೊನ್ನೂರಪ್ಪ ಬಾಯಿ ಬಿಡಲಿಲ್ಲ. ದ್ಯಾವಪ್ಪ ಹಗ್ಗ ಮುಗಿಸಲಿಲ್ಲ. ಹಗ್ಗ ಹುಣಸೆಮರ ದಾಟಿತು, ಕಟ್ಟೆ ದಾಟಿತು. ಕಟ್ಟೆಯ ಮೇಲೆ ಕೂತವರು ನಕ್ಕರು.

"ಏನೋ ದ್ಯಾವಾ, ಊರನ್ನ ಕಟ್ಟಿ ಎಳಕೊಂಡು ಹೊಂಟೀಯೇನು?"

ಹೊತ್ತು ಇಳಿಯಿತು. ದ್ಯಾವಪ್ಪನ ಅಂಗೈ ಒಡೆದು ರಕ್ತ ಬಂತಂತೆ. ನಾರೂ ತೀರಿತು. ದ್ಯಾವಪ್ಪ ನಿಂತ. ನಡುವಿಗೆ ಸುತ್ತಿಕೊಂಡಿದ್ದ ಗಾಳೆವ್ವನ ಹಗ್ಗ ಬಿಚ್ಚಿದ. ಅದರ ಹುರಿ ಬಿಡಿಸಿ, ನಾರು ಮಾಡಿ, ಸೇರಿಸತೊಡಗಿದ. ಕಟ್ಟೆಯವರ ನಗೆ ನಿಂತಿತು.

"ಕಾಕಾ, ಅದನ್ನ ಬಿಚ್ಚಬ್ಯಾಡ!" ಹೊನ್ನೂರಪ್ಪ ಅಲ್ಲಿಂದಲೇ ಕೂಗಿದ.

"ಮತ್ತ ಹೇಳು. ಏನು ಕಟ್ಟಾಕ ಬೇಕು?"

ಹೊನ್ನೂರಪ್ಪ ನೆಲಕ್ಕೆ ಕುಸಿದು ಕೂತ. ತುದಿ ಮಾತ್ರ ಬಿಡಲಿಲ್ಲ. ದ್ಯಾವಪ್ಪ ಹಗ್ಗ ಸುತ್ತಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತ.

"ಅಣ್ಣ ಸಾಯೋ ಮುಂದ ಕರೆ ಕಳಿಸಿದ್ದ," ಅಂದ ಹೊನ್ನೂರಪ್ಪ. "ನಾ ಹೋಗಲಿಲ್ಲ."

"ನಾನೂ ತಲಿ ಎತ್ತಲಿಲ್ಲ," ಅಂದ ದ್ಯಾವಪ್ಪ.

ಅಷ್ಟೇ ಮಾತು. ಕತ್ತಲಾಗುವ ತನಕ ಇಬ್ಬರೂ ಅತ್ತರಂತೆ. ಹೊನ್ನೂರಪ್ಪ ಮುಂದೆ ಮೊಮ್ಮಕ್ಕಳನ್ನು ಆಡಿಸಿದನಂತೆ.

ಆ ಹಗ್ಗವನ್ನು ಕಡಿದು ಮನೆಗೊಂದು ತುಂಡು ಹಂಚಿದರು. ಕರುವಿಗೆ ಕಟ್ಟಿದರು, ತೊಟ್ಟಿಲಿಗೆ ಕಟ್ಟಿದರು. ಗಾಳೆವ್ವನ ನಾರು ಯಾರ ಮನೆಗೆ ಹೋಯಿತೋ, ಯಾರಿಗೂ ಗೊತ್ತಿಲ್ಲ.

ದ್ಯಾವಪ್ಪ ಹೋಗಿ ಎಷ್ಟು ಕಾಲವಾಯಿತೋ. ಈಗ ಹಗ್ಗ ಅಂಗಡಿಯಲ್ಲಿ ಸಿಗುತ್ತದೆ, ಪ್ಲಾಸ್ಟಿಕ್ಕಿನದು. ಆದರೂ ಆ ಊರಲ್ಲಿ ಹಗ್ಗವನ್ನು ಯಾರೂ ಎತ್ತಿ ಒಗೆಯುವುದಿಲ್ಲ. ಒಂದು ತುದಿ ಕೊಡುತ್ತಾರೆ, ಒಂದು ತುದಿ ಹಿಡಿದಿರುತ್ತಾರೆ. ಏನು ಕಟ್ಟುತ್ತೀ ಅಂತ ಕೇಳುತ್ತಾರೆ. ಎಷ್ಟೇ ಕೆಲಸವಿರಲಿ, ಕೇಳುವವರು ತಲೆ ಎತ್ತಿ ಮುಖ ನೋಡುತ್ತಾರೆ.